ಹುಂಜದ ಕೂಗು, ಮೇಸ್ತ್ರಿಯ ಕಿವಿ

ಮೇಸ್ತ್ರಿಗೆ ತನ್ನ ಕಿವಿಯ ಮೇಲಿದ್ದಷ್ಟು ನಂಬಿಕೆ ಕಟ್ಟಿಕೊಂಡ ಹೆಂಡತಿಯ ಮೇಲೂ ಇರಲಿಲ್ಲ. ಹೆಂಡತಿಗೂ ಅದು ಗೊತ್ತಿತ್ತು. ಅದಕ್ಕೆಲ್ಲ ಮುಖ ಊದಿಸಿಕೊಂಡು ಕೂರುವಷ್ಟು ಪುರಸೊತ್ತು ಅವಳಿಗಿರಲಿಲ್ಲ. ಅಷ್ಟಕ್ಕೂ ಮನೆಯಲ್ಲಿ ಒಲೆ ಉರಿಯುತ್ತಿದ್ದುದೇ ಆ ಕಿವಿಯಿಂದ. ಗ್ಯಾರೇಜಿಗೆ ವ್ಯಾನು ಬರಲಿ, ಟ್ರ್ಯಾಕ್ಟರು ಬರಲಿ, ನೀರೆತ್ತುವ ಪಂಪು ಬರಲಿ, ಬೇರೆಯವರಾದರೆ ಮೊದಲು ನಟ್ಟು ಬೋಲ್ಟು ಬಿಚ್ಚಿ ರಾಶಿ ಹಾಕುತ್ತಿದ್ದರು. ಮೇಸ್ತ್ರಿ ಹಾಗಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಕಣ್ಣು ತೆರೆದು "ಬೇರಿಂಗು" ಅಂದರೆ ಬೇರಿಂಗು, "ವಾಲ್ವು" ಅಂದರೆ ವಾಲ್ವು. ಬಿಚ್ಚಿ ನೋಡುವುದು ಗಿರಾಕಿಯ ಸಮಾಧಾನಕ್ಕೆ ಮಾತ್ರ.

ರಸ್ತೆಗೆ ಗ್ಯಾರೇಜು, ಅದರ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ಹಿತ್ತಲಿನಲ್ಲಿ ಹೆಂಡತಿಯ ದರ್ಬಾರು. ಒಂದು ಆಡು, ಅದರ ಮರಿ, ನಾಲ್ಕೈದು ಬಾತುಗಳು, ಒಂದಷ್ಟು ಕೋಳಿ. ಕೋಳಿಗಳ ಮನೆ ಅಂದರೆ ಚಕ್ರ, ಇಂಜಿನ್ನು ಎರಡೂ ಕಳೆದುಕೊಂಡ ಒಂದು ಹಳೆಯ ವ್ಯಾನು. ಸೀಟು ಕಿತ್ತ ಜಾಗದಲ್ಲಿ ಅಡ್ಡಗೋಲು ಕೂಡಿಸಿ, ಡ್ರೈವರು ಕೂರುವಲ್ಲಿ ಹುಲ್ಲು ಹಾಸಿ ಮೊಟ್ಟೆಯಿಡುವ ಜಾಗ ಮಾಡಿದ್ದಳು. ಆ ವ್ಯಾನಿನ ನೆತ್ತಿಯ ಮೇಲೆ ನಿಂತು ಬೆಳಗಾಗುವುದನ್ನು ಊರಿಗೆಲ್ಲ ಸಾರುತ್ತಿದ್ದವನು ದೊರೆ. ತುಕ್ಕು ಬಣ್ಣದ ಕತ್ತು, ಕಪ್ಪು ಬಾಲ, ನೆಲ ಮುಟ್ಟದಂಥ ನಡಿಗೆ, ಹುಂಜ ಅಂದರೆ ಹುಂಜ.

ದೊರೆ ಕೂಗಿದರೆ ಮೇಸ್ತ್ರಿ ಏಳುತ್ತಿದ್ದ. ಅವರಿಬ್ಬರ ಸಂಬಂಧ ಅಲ್ಲಿಗೆ ಮುಗಿಯಿತು. ಹತ್ತಿರ ಹೋದರೆ ದೊರೆ ಕೂಗು ಅರ್ಧಕ್ಕೆ ನಿಲ್ಲಿಸಿ, ಕಾಲು ಕೆದರಿ ಜಗಳಕ್ಕೆ ಬಂದು ಮೇಸ್ತ್ರಿಯ ಬೂಟನ್ನು ಒದೆಯುತ್ತಿದ್ದ. ಅವನನ್ನು ಮುಟ್ಟುವ ಧೈರ್ಯ ಹೆಂಡತಿಗೆ ಮಾತ್ರ. ಆದರೂ ದೊರೆಯನ್ನು ಯಾರಾದರೂ ಒಂದು ಮಾತು ಅಂದರೆ ಮೇಸ್ತ್ರಿ ಸಹಿಸುವವನಲ್ಲ. ಪಕ್ಕದ ಮನೆಯಲ್ಲಿ ಮೊದಲಿದ್ದ ಬಾಡಿಗೆದಾರ "ನಿಮ್ಮ ಹುಂಜದ ಕಾಟ ತಡೆಯೋಕಾಗಲ್ಲ" ಎಂದು ತಕರಾರು ತೆಗೆದಾಗ, ಸೈಲೆನ್ಸರ್ ಬಿಚ್ಚಿದ ಟ್ರ್ಯಾಕ್ಟರನ್ನು ಗೋಡೆಯ ಪಕ್ಕಕ್ಕೇ ತಂದು ನಿಲ್ಲಿಸಿ ಇಡೀ ಮಧ್ಯಾಹ್ನ ಓಡಿಸಿದ್ದ. ಬಾಡಿಗೆದಾರ ಗಂಟುಮೂಟೆ ಕಟ್ಟಿದ. ಹೆಂಡತಿ ಬೀದಿಯಲ್ಲಿ ತಲೆ ಎತ್ತಿ ತಿರುಗಲು ತುಂಬಾ ದಿನ ಬೇಕಾಯಿತು.

ಈಗ ಆ ಮನೆಗೆ ಒಬ್ಬ ನರ್ಸಮ್ಮ ಬಂದಿದ್ದಳು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ದುಡಿದು, ದೊರೆ ಕೂಗಲು ಎದೆ ಉಬ್ಬಿಸುವ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಹಾಸಿಗೆಗೆ ಬೀಳುವವಳು.

ಒಂದು ಬೆಳಿಗ್ಗೆ ಮೇಸ್ತ್ರಿ ಕಣ್ಣು ಬಿಟ್ಟಾಗ ಬಿಸಿಲು ಆಗಲೇ ಗೋಡೆಯ ಮೇಲೆ ಹತ್ತಿ ಕೂತಿತ್ತು. ದೊರೆ ಕೂಗಲೇ ಇಲ್ಲವಲ್ಲ ಎಂದುಕೊಂಡು ಬಾಯಲ್ಲಿ ಬ್ರಷ್ಷಿಟ್ಟುಕೊಂಡು ಬಚ್ಚಲಿನ ಕಿಟಕಿಯಿಂದ ಹಿತ್ತಲು ನೋಡಿದ. ದೊರೆ ವ್ಯಾನಿನ ಮೇಲೇ ಇದ್ದ. ರೆಕ್ಕೆ ಬಡಿದ. ಕತ್ತು ಚಾಚಿದ. ಆಕಾಶಕ್ಕೆ ಕೊಕ್ಕು ತೆರೆದು ಮೈಯೆಲ್ಲ ಅದುರುವ ಹಾಗೆ ಕೂಗಿದ. ಸದ್ದು ಮಾತ್ರ ಬರಲಿಲ್ಲ.

ಮೇಸ್ತ್ರಿಯ ಕೈಯಲ್ಲಿ ಬ್ರಷ್ಷು ನಿಂತಿತು. ಅಂಗೈಯಿಂದ ಕಿವಿ ತಟ್ಟಿಕೊಂಡ. ದೊರೆ ಮತ್ತೆ ಕೂಗಿದ. ಕಣ್ಣಿಗೆ ಕಾಣಿಸಿತು, ಕಿವಿಗೆ ಬೀಳಲಿಲ್ಲ.

ಹಿಂದೊಮ್ಮೆ ಕಿವಿ ಡಾಕ್ಟರು ಹೇಳಿದ್ದ ಮಾತು ಎಲ್ಲಿ ಅಡಗಿತ್ತೋ, ಆಗ ಎದ್ದು ಬಂತು. "ದಿನವಿಡೀ ಇಂಜಿನ್ ಸದ್ದಿನಲ್ಲಿ ಇರ್ತೀರಿ. ಕಿವಿ ಹೋದರೆ ಒಂದೇ ಸಲಕ್ಕೆ ಹೋಗಲ್ಲ. ಮೊದಲು ಕೀಚಲು ಸದ್ದು, ಸಣ್ಣ ಸದ್ದು ಹೋಗುತ್ತೆ. ಹೋಗಿದ್ದು ನಿಮಗೇ ಗೊತ್ತಾಗಲ್ಲ." ಆಗ ಮೇಸ್ತ್ರಿ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದ. ಕಿವಿ ಗಟ್ಟಿಯಿದ್ದಾಗ ಹಾಗೆಲ್ಲ ಮಾಡಬಹುದು.

ಅಡುಗೆಮನೆಗೆ ಬಂದು, ಏನೂ ಆಗದವನ ಹಾಗೆ ಲೋಟ ಕೈಗೆತ್ತಿಕೊಂಡು ಕೇಳಿದ. "ದೊರೆ ಇವತ್ತು ಜೋರಾಗಿ ಕೂಗಿದ, ಅಲ್ವೇನೇ?"

ಹೆಂಡತಿ ಒಲೆಯ ಕಡೆಗೆ ತಿರುಗಿಕೊಂಡಳು. "ಹೂಂ ಮತ್ತೆ! ಕಿವಿ ಕಿತ್ತುಹೋಗೋ ಹಾಗೆ ಕೂಗಿದ. ಯಾಕೆ ಕೇಳ್ತೀರಿ?"

"ಸುಮ್ನೆ ಕೇಳ್ದೆ" ಅಂದ ಮೇಸ್ತ್ರಿ. ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಅಂದಿನಿಂದ ಮೇಸ್ತ್ರಿ ಕಳ್ಳನ ಹಾಗೆ ತನ್ನ ಕಿವಿಯನ್ನು ತಾನೇ ಪರೀಕ್ಷೆ ಮಾಡುತ್ತ ತಿರುಗಿದ. ಆಡು ಕತ್ತು ಕುಣಿಸಿಕೊಂಡು ಎದುರಿಗೆ ಬಂತು; ಅದರ ಕೊರಳ ಗಂಟೆ ಕೇಳಿಸಲಿಲ್ಲ. ಹಿತ್ತಲ ಗೇಟು ತಳ್ಳಿದ. ಮದುವೆಯಾದಾಗಿನಿಂದ ಕಿರ್ರೆನ್ನುತ್ತಿದ್ದ ಗೇಟು ತುಟಿ ಪಿಟಕ್ಕೆನ್ನಲಿಲ್ಲ. ಊರಿನ ಗಾಡಿಗಳಿಗೆಲ್ಲ ಎಣ್ಣೆ ಬಿಡುವ ಮನುಷ್ಯ ಸ್ವಂತ ಗೇಟಿಗೆ ಒಂದು ತೊಟ್ಟು ಬಿಟ್ಟವನಲ್ಲ, ಹಾಗಾಗಿ ತಪ್ಪು ಗೇಟಿನದಲ್ಲ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಆಡಿನ ಮರಿ ಅರಚಿದ್ದೇನೋ ಕೇಳಿಸಿತು. ಆದರೆ ಅದು ಕಿವುಡರನ್ನೂ ಎಬ್ಬಿಸುವ ಗಂಟಲು ಎಂದು ಆ ಸಾಕ್ಷಿಯನ್ನು ತಳ್ಳಿಹಾಕಿದ. ಕೆಟ್ಟ ಸುದ್ದಿಯನ್ನು ನಂಬಲು ತೀರ್ಮಾನ ಮಾಡಿದ ಮೇಲೆ ಮನುಷ್ಯ ಒಳ್ಳೆಯ ಸುದ್ದಿಯ ಮಾತಿಗೆ ಕಿವಿಗೊಡುತ್ತಾನೆಯೇ?

ಇನ್ನೊಂದು ಬೆಳಿಗ್ಗೆ ಗೇಟಿನ ಬಳಿ ನರ್ಸಮ್ಮ ಸಿಕ್ಕಳು. ಹೆಗಲಿಗೆ ಚೀಲ, ಕಣ್ಣಲ್ಲಿ ನಿದ್ದೆ, ಮುಖದ ತುಂಬ ನಗು.

"ಮೇಸ್ತ್ರಿ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಈಗ ಕಣ್ತುಂಬ ನಿದ್ದೆ ಬರ್ತಿದೆ."

ತಾನು ಯಾವ ಉಪಕಾರ ಮಾಡಿದೆ ಎಂದು ಎಷ್ಟು ಯೋಚಿಸಿದರೂ ಮೇಸ್ತ್ರಿಗೆ ಹೊಳೆಯಲಿಲ್ಲ. ಅಂದಮೇಲೆ ಅವಳು ಹೇಳಿದ್ದೇ ಬೇರೆ, ತನಗೆ ಕೇಳಿಸಿದ್ದೇ ಬೇರೆ. ಮಾತೂ ತಪ್ಪುತಪ್ಪಾಗಿ ಕೇಳಿಸಲು ಶುರುವಾಯಿತು ಎಂದು ಹೆದರಿದ. ಹಲ್ಲು ಗಿಂಜಿ, "ಹೌದೌದು, ಮಳೆ ಬರೋ ಹಾಗಿದೆ" ಅಂದುಬಿಟ್ಟ. ನರ್ಸಮ್ಮ ಮೋಡದ ಚೂರೂ ಇಲ್ಲದ ಆಕಾಶವನ್ನೊಮ್ಮೆ, ಮೇಸ್ತ್ರಿಯನ್ನೊಮ್ಮೆ ನೋಡಿ ಒಳಗೆ ಹೋದಳು.

ಅವನ ಹೆದರಿಕೆಗೆ ಮುದ್ರೆ ಒತ್ತಿದ್ದು ಹಾಲಿನ ವ್ಯಾನು. ಡ್ರೈವರು ಅದನ್ನು ಮಧ್ಯಾಹ್ನ ಗ್ಯಾರೇಜಿಗೆ ತಂದ. "ನಾಳೆ ಬೆಳಿಗ್ಗೆ ಗುಡ್ಡದ ರಸ್ತೆ ಹತ್ತಬೇಕು ಮೇಸ್ತ್ರಿ. ಒಂದ್ಸಲ ಕಿವಿ ಇಟ್ಟು ಬಿಡಿ, ನನಗೆ ಧೈರ್ಯ ಬರುತ್ತೆ."

ಮೇಸ್ತ್ರಿ ಸ್ಕ್ರೂಡ್ರೈವರು ಒತ್ತಿ ಕಣ್ಣು ಮುಚ್ಚಿದ. ಇಂಜಿನ್ನಿನ ದಪ್ಪ ಗುಡುಗುಡಿನ ಅಡಿಯಲ್ಲಿ, ಎಲ್ಲೋ ಆಳದಲ್ಲಿ, ಸೊಳ್ಳೆಯ ಹಾಗೆ ಒಂದು ಸಣ್ಣ ಗುಂಯ್. ಬೇರೆ ದಿನವಾಗಿದ್ದರೆ ಕಣ್ಣು ತೆರೆಯುವ ಮೊದಲೇ "ವಾಟರ್ ಪಂಪಿನ ಬೇರಿಂಗು" ಎನ್ನುತ್ತಿದ್ದ. ಅಂದು ನಾಲಗೆ ಏಳಲಿಲ್ಲ. ಕಿವಿ ಹೋಗುವವರಿಗೆ ಇಲ್ಲದ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ ಎಂದೂ ಡಾಕ್ಟರು ಹೇಳಿದ್ದರಲ್ಲ! ಇದು ಬೇರಿಂಗೋ, ತನ್ನ ತಲೆಯೋ?

"ನೀನೊಮ್ಮೆ ಕೇಳು ಬಾ" ಎಂದು ಭಾಮೈದನನ್ನು ಕರೆದ. ಹೆಂಡತಿಯ ತಮ್ಮ ಗ್ಯಾರೇಜಿನಲ್ಲಿ ಜೊತೆಗೆ ದುಡಿಯುವವನು. ಟೈರು ಕಳಚುವುದರಲ್ಲಿ ಎತ್ತಿದ ಕೈ, ಕಿವಿ ಮಾತ್ರ ಅಲಂಕಾರಕ್ಕೆ. ಭಾವ ತನ್ನನ್ನು ಕೇಳಿದ ಎಂಬ ಸಂಭ್ರಮದಲ್ಲಿ ಅವನು ಸ್ಕ್ರೂಡ್ರೈವರನ್ನು ಉಲ್ಟಾ ಹಿಡಿದು, ತುದಿಯನ್ನೇ ಕಿವಿಗೆ ತೂರಿಸಿಕೊಳ್ಳಲು ಹೋದ. ಡ್ರೈವರು ಹೌಹಾರಿ ತಿರುಗಿಸಿ ಕೊಟ್ಟ.

"ಏನೂ ಇಲ್ಲ ಭಾವ. ಇಂಜಿನ್ ಬೆಣ್ಣೆ ಇದ್ದಂಗಿದೆ."

ಹಾಗಾದರೆ ಸದ್ದು ತನ್ನ ತಲೆಯದೇ. "ಹೋಗಿ ಬಾ" ಎಂದು ಡ್ರೈವರನ್ನು ಕಳಿಸಿದ ಮೇಸ್ತ್ರಿ ಸಂಜೆಯವರೆಗೂ ಟೈರಿನ ಮೇಲೆ ಕೂತಿದ್ದ. ತಪ್ಪು ಹೇಳಿ ಒಬ್ಬನ ಗಾಡಿ ಕೆಡಿಸುವುದಕ್ಕಿಂತ ಬಾಯಿಗೆ ಬೀಗ ಹಾಕಿಕೊಳ್ಳುವುದು ಮೇಲು. ಆದರೆ ಕಿವಿಯಿಲ್ಲದ ಮೇಲೆ ತಾನು ಯಾತರ ಮೇಸ್ತ್ರಿ? ಕತ್ತಲಾಗುವ ಮೊದಲು ಗ್ಯಾರೇಜಿನ ಬೀಗದ ಕೈ ಗೊಂಚಲನ್ನು ಭಾಮೈದನ ಅಂಗೈಯಲ್ಲಿಟ್ಟ.

"ನಾಳೆಯಿಂದ ನೀನೇ ನೋಡ್ಕೋ. ನನಗೆ ಸಾಕಾಯ್ತು. ಕೋಳಿ ಸಾಕ್ಕೊಂಡು ಇರ್ತೀನಿ."

ಭಾಮೈದ ಗೊಂಚಲನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖವನ್ನು ನೋಡಿದ. ಗಂಡನಿಗೆ ಜ್ವರ ಬಂದಿರಬೇಕು ಎಂದು ಅವಳು ಬಂದು ಹಣೆ ಮುಟ್ಟಿದಳು. ಹಣೆ ತಣ್ಣಗಿತ್ತು. ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಆದರೆ ಕೆದಕಿದರೆ ಸಿಡಿಮಿಡಿಗೊಳ್ಳುವ ಗಂಡಸು ಎಂದು ಗೊತ್ತಿದ್ದವಳು, "ಕೋಳಿ ಸಾಕೋದು ಅಂದ್ರೆ ಹುಡುಗಾಟ ಅಂದ್ಕೊಂಡ್ರಾ? ಬೆಳಿಗ್ಗೆ ಬನ್ನಿ, ಕೆಲಸ ಕೊಡ್ತೀನಿ" ಎಂದಷ್ಟೇ ಅಂದಳು.

ಬೆಳಿಗ್ಗೆ ನಿಜವಾಗಿಯೂ ಕೆಲಸ ಕೊಟ್ಟಳು. ಹಿತ್ತಲಿನಲ್ಲಿ ಒಂದೇ ಕಾವಿಗೆ ಮೊಟ್ಟೆಯೊಡೆದು ಬಂದ ಐದು ಮರಿಗಳು ಬೆಳೆದು ನಿಂತಿದ್ದವು. ಮರಿಗಳಾಗಿದ್ದಾಗ ಐದೂ ಹೇಂಟೆ ಎಂದು ಆಣೆಯಿಟ್ಟು ಹೇಳಿದ್ದವಳು ಅವಳೇ. ಈಗ ಐದಕ್ಕೂ ಕೆಂಪು ಜುಟ್ಟು ಬಂದಿತ್ತು, ಕಾಲಲ್ಲಿ ಮುಳ್ಳು ಮೊಳೆಯುತ್ತಿತ್ತು.

"ನೋಡಿ, ಇಷ್ಟು ಹೇಂಟೆಗೆ ಒಂದು ಹುಂಜ ಸಾಕು. ಇಲ್ಲಿ ಆರು ಜನ ಗಂಡಸರು ಸೇರ್ಕೊಂಡಿದ್ದಾರೆ. ಪಾಪ, ಅವುಗಳ ಬೆನ್ನ ಮೇಲೆ ಗರಿನೇ ಉಳಿದಿಲ್ಲ" ಎಂದು ಒಂದು ಹೇಂಟೆಯನ್ನು ಎತ್ತಿ ಬೋಳು ಬೆನ್ನು ತೋರಿಸಿದಳು. "ಈ ಪಡ್ಡೆಗಳಿಗೆ ಆ ಮೂಲೇಲಿ ಬೇರೆ ಜಾಲರಿ ಕಟ್ಟಿಕೊಡಿ. ಹೇಂಟೆಗಳು ಕಣ್ಣಿಗೆ ಬೀಳಬಾರದು. ಬಿದ್ದರೆ ಒಂದನ್ನೊಂದು ಕೊಂದುಹಾಕ್ತವೆ. ಬೀಳದಿದ್ರೆ ಅಣ್ಣತಮ್ಮಂದಿರ ಹಾಗೆ ಇರ್ತವೆ."

ಅವಳು ಆಡಿನ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಮೇಸ್ತ್ರಿ ಕಟಿಂಗ್ ಪ್ಲೇಯರ್ ಹಿಡಿದು ಜಾಲರಿ ಕತ್ತರಿಸುತ್ತ ಕೂತ. ತಂತಿ ತುಂಡಾಗುವ ಸದ್ದು ಕೇಳಿಸುತ್ತಿತ್ತು, ಆದರೆ ಅವನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಇನ್ನು ಮುಂದೆ ದಿನವೆಲ್ಲ ಹೀಗೆಯೇ ಎಂದುಕೊಳ್ಳುತ್ತಿದ್ದ.

ಐದರಲ್ಲಿ ಎಲ್ಲಕ್ಕಿಂತ ಚಿಕ್ಕದು, ಹೆಂಡತಿ ಪೀಚಲು ಎಂದು ಕರೆಯುತ್ತಿದ್ದದ್ದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಹತ್ತಿತು. ಆಚೀಚೆ ನೋಡಿತು. ಯಾರೂ ಬೇಡ ಅನ್ನಲಿಲ್ಲ. ಕತ್ತು ಉದ್ದ ಮಾಡಿ, ಹುಟ್ಟಿದ ಮೇಲೆ ಮೊದಲ ಸಲ, ಕೂಗಿತು.

"ಕ್ಕೊ... ಕ್ರೀ... ಕ್ಕ್."

ಬ್ಯಾಟರಿ ಇಳಿದ ಗಾಡಿಗೆ ಸೆಲ್ಫ್ ಹೊಡೆದ ಹಾಗಿತ್ತು. ಮೇಸ್ತ್ರಿಗೆ ಎಲ್ಲ ದುಃಖದ ನಡುವೆಯೂ ನಗು ಬಂತು. "ಥೂ ನಿನ್ನ, ಇದೂ ಒಂದು ಕೂಗಾ?" ಅಂದ.

ಅಂದವನು ಹಾಗೆಯೇ ಉಳಿದ. ಪ್ಲೇಯರು ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ಅದರ ನೋವೂ ತಿಳಿಯಲಿಲ್ಲ. ಕೇಳಿಸಿತಲ್ಲ! ಕೀಚಲು, ಒಡಕು, ಕೊನೆಯ ಕ್ಕ್ ಸಮೇತ ಕೇಳಿಸಿತಲ್ಲ!

ವ್ಯಾನಿನ ನೆತ್ತಿಯ ಮೇಲೆ ದೊರೆಗೆ ಅವಮಾನವಾಗಿತ್ತು. ನಿನ್ನೆ ಮೊನ್ನೆಯ ಪಡ್ಡೆ ತನ್ನೆದುರು ಬಾಲ ಬಿಚ್ಚುವುದೇ? ರೆಕ್ಕೆ ಬಡಿದು, ಕತ್ತು ಚಾಚಿ, ಮೈಯೆಲ್ಲ ಅದುರಿಸಿ ಉತ್ತರ ಕೊಟ್ಟ. ಸದ್ದಿಲ್ಲ. ಪೀಚಲು ಬಕೆಟ್ಟಿನ ಮೇಲಿಂದ ಮತ್ತೆ ಕೂಗಿತು, ಕೇಳಿಸಿತು. ದೊರೆ ಮತ್ತೆ ಕೂಗಿದ, ಇಲ್ಲ.

ಮೇಸ್ತ್ರಿಯೊಳಗಿನ ಮೇಸ್ತ್ರಿ ಎದ್ದು ಕೂತ. ಸ್ಕ್ರೂಡ್ರೈವರ್ ಒಂದೇ, ಇಂಜಿನ್ ಎರಡು. ಒಂದು ಸದ್ದು ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ಯಾವ ಬುದ್ಧಿಯಿರುವವನು ಸ್ಕ್ರೂಡ್ರೈವರನ್ನು ಅನುಮಾನಿಸುತ್ತಾನೆ?

ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದು ವ್ಯಾನಿನ ಬಂಪರಿನ ಮೇಲೆ ಕಾಲಿಟ್ಟ. ದೊರೆ ಎಂದಿನಂತೆ ಒದೆಯಲು ಹಾರಿದ. ಮೇಸ್ತ್ರಿ ಅಂಗಿಯನ್ನು ಅವನ ತಲೆಯ ಮೇಲೆ ಎಸೆದು, ರೆಕ್ಕೆ ಸಮೇತ ಬಾಚಿ ಕಂಕುಳಲ್ಲಿ ಅಮುಕಿಕೊಂಡ. ಕಣ್ಣು ಮುಚ್ಚಿದ್ದೇ ತಡ ದೊರೆ ತಣ್ಣಗಾದ. ಮೇಸ್ತ್ರಿಯ ಬೆರಳುಗಳು ಕತ್ತಿನ ಗರಿಗಳ ಒಳಗೆ ಹೋದವು. ಗರಿ, ಗರಿ, ಬಿಸಿ ಚರ್ಮ, ಆಮೇಲೆ ಬಟ್ಟೆ.

ತುಕ್ಕು ಬಣ್ಣದ ಪಟ್ಟಿ. ಗರಿಗಳ ನಡುವೆ ಕಣ್ಣಿಗೆ ಬೀಳದ ಹಾಗೆ ಬಣ್ಣ ಹೊಂದಿಸಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ, ತುದಿಗೆ ಹಳೆಯ ಚೀಲದಿಂದ ಕಿತ್ತ ವೆಲ್ಕ್ರೋ ಕೂಡಿಸಿದ್ದು. ಆ ಎರಡು ಸಾಲಿನ ಹೊಲಿಗೆ ಅವನಿಗೆ ಗೊತ್ತಿತ್ತು. ಅವನ ಪ್ಯಾಂಟುಗಳೆಲ್ಲ ಅದರ ಮೇಲೇ ನಿಂತಿದ್ದವು.

ಚರ್ರೆಂದು ಕಿತ್ತ. ಆ ಚರ್ರೂ ಕೇಳಿಸಿತು. ದೊರೆ ಅಂಗಿಯಿಂದ ತಲೆ ಹೊರಹಾಕಿ, ಗಂಟಲು ಕೊಡವಿ, ಇಷ್ಟು ದಿನದ ಬಾಕಿಯನ್ನೆಲ್ಲ ಸೇರಿಸಿ ಮೇಸ್ತ್ರಿಯ ಕಿವಿಯ ಪಕ್ಕದಲ್ಲೇ ಒಂದು ಕೂಗು ಹಾಕಿದ.

ಕಿವಿಯ ತಮಟೆ ಹರಿಯುವಂಥ ಕೂಗು. ಮೇಸ್ತ್ರಿ ಹುಂಜವನ್ನು ಅಪ್ಪಿಕೊಂಡು ಕಣ್ಣೀರು ಹಾಕಿದ.

ಕೊಟ್ಟಿಗೆಯಿಂದ ಹೆಂಡತಿ ಓಡಿ ಬಂದಳು. "ಅಯ್ಯೋ, ನಿಧಾನ ರೀ! ನರ್ಸಮ್ಮ ಈಗಷ್ಟೇ ಮಲಗಿದ್ದಾರೆ!"

ಬಂದವಳು ಅಂಗಿಯಿಲ್ಲದ ಗಂಡ, ಅವನ ಕಂಕುಳಲ್ಲಿ ಹುಂಜ, ಕೈಯಲ್ಲಿ ಪಟ್ಟಿ ನೋಡಿ ನಿಂತಲ್ಲೇ ನಿಂತಳು.

"ಏನೇ ಇದು?"

"ಸೈಲೆನ್ಸರ್ರು" ಅಂದಳು ಸಣ್ಣಗೆ.

"ಏನು?"

"ಸೈಲೆನ್ಸರ್ರು ರೀ. ನಿಮ್ಮ ಗ್ಯಾರೇಜಿಂದೇ ಐಡಿಯಾ. ಒಳಗೆ ತುಂಬಿಕೊಂಡ ಗಾಳಿ ಒಂದೇ ಏಟಿಗೆ ಹೊರಗೆ ಬರದಿದ್ರೆ ಸದ್ದು ಆಗಲ್ಲ ಅಂತ ನೀವೇ ಹೇಳ್ತಿದ್ರಲ್ಲ. ಅವನಿಗೆ ಏನೂ ತೊಂದ್ರೆ ಇಲ್ಲ. ಒಂದು ಬೆರಳು ಸಡಿಲ ಬಿಟ್ಟೇ ಹಾಕೋದು, ದಿನಾ ಸಂಜೆ ಬೆರಳು ಹಾಕಿ ನೋಡ್ತೀನಿ. ಆ ಹುಡುಗಿ ನಿದ್ದೆಯಿಲ್ದೆ ಕಣ್ಣು ಕೆಂಪು ಮಾಡ್ಕೊಂಡು ಬಂದು ಕೈ ಮುಗಿದಳು. ನಿಮಗೆ ಹೇಳಿದ್ರೆ ಮತ್ತೆ ಟ್ರ್ಯಾಕ್ಟರ್ ತಂದು ನಿಲ್ಲಿಸ್ತೀರಿ ಅಂತ..."

"ಮತ್ತೆ ನಾನು ಕೇಳಿದಾಗ ಕಿವಿ ಕಿತ್ತುಹೋಗೋ ಹಾಗೆ ಕೂಗಿದ ಅಂದೆ?"

"ನಿಮಗೆ ಗುಟ್ಟು ಗೊತ್ತಾಗಿಬಿಡ್ತು ಅಂತ ಗಾಬರಿ ಆಯ್ತು. ಬಾಯಿಗೆ ಬಂದದ್ದು ಹೇಳಿದೆ."

"ಆಡಿನ ಗಂಟೆ?"

"ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದ್ದೀನಿ."

"ಗೇಟು?"

"ಗ್ರೀಸ್ ಹಚ್ಚಿದೆ. ನಿಮ್ಮ ಡಬ್ಬದ್ದೇ."

ಮೇಸ್ತ್ರಿ ಪೀಚಲುವನ್ನು ಓಡಿಸಿ ಬಕೆಟ್ಟಿನ ಮೇಲೆ ಕುಸಿದು ಕೂತ. "ನಾನು ಕಿವುಡ ಆಗಿಹೋದೆ ಅಂದ್ಕೊಂಡಿದ್ದೆ ಕಣೇ" ಅಂದ. ಹೇಳುವಾಗ ಅವನ ಗಂಟಲೂ ಪೀಚಲುವಿನ ಹಾಗೆಯೇ ಒಡೆಯಿತು.

ಹೆಂಡತಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಬೀಗದ ಕೈ ಕೊಟ್ಟದ್ದು, ಚಹಾ ಬಿಟ್ಟದ್ದು, ಟೈರಿನ ಮೇಲೆ ಕೂತದ್ದು ಎಲ್ಲ ಒಂದಾದ ಮೇಲೊಂದು ಅವಳ ಕಣ್ಣ ಮುಂದೆ ಬಂತು. "ಹೇಳಬಾರದಿತ್ತಾ ರೀ? ಒಬ್ಬರೇ ಹೊಟ್ಟೇಲಿ ಇಟ್ಕೊಂಡು..." ಎಂದು ಅವನ ಬೆನ್ನಿಗೊಂದು ಗುದ್ದಿದಳು. ಗುದ್ದಿದ ಕೈಯಿಂದಲೇ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ನಡುವೆ ಸಿಕ್ಕಿಕೊಂಡ ದೊರೆ ಕೊಸರಾಡಿದ.

ಮೇಸ್ತ್ರಿ ತಟ್ಟನೆ ಎದ್ದ. ಹುಂಜವನ್ನು ಅವಳ ಕೈಗೆ ತುರುಕಿದ. "ಅಯ್ಯಯ್ಯೋ, ವ್ಯಾನು!"

ಅಂಗಿ ತೊಡುತ್ತಲೇ ಓಡಿದ. ಗುಂಡಿ ಮೇಲೆ ಕೆಳಗಾಗಿತ್ತು, ತಲೆಗೂದಲಲ್ಲಿ ಗರಿ ಸಿಕ್ಕಿಕೊಂಡಿತ್ತು. ಬೀದಿಯ ಕೊನೆಯಲ್ಲಿ ಹಾಲಿನ ಕ್ಯಾನುಗಳನ್ನು ಏರಿಸಿ ಮುಗಿದಿತ್ತು, ಡ್ರೈವರು ಗೇರು ಹಾಕುತ್ತಿದ್ದ. ಮೇಸ್ತ್ರಿ ಎರಡೂ ಕೈ ಚಾಚಿ ವ್ಯಾನಿಗೆ ಅಡ್ಡ ನಿಂತ.

"ಹೊರಡಬೇಡ! ಬಾನೆಟ್ ಎತ್ತು!"

ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದ ಭಾಮೈದ ಭಾವನ ಓಟ ನೋಡಿ ಸ್ಕ್ರೂಡ್ರೈವರ್ ಹಿಡಿದು ಹಿಂದೆಯೇ ಬಂದಿದ್ದ. ಮೇಸ್ತ್ರಿ ಅದನ್ನು ಕಸಿದು ವಾಟರ್ ಪಂಪಿಗೆ ಒತ್ತಿದ, ಕಣ್ಣು ಮುಚ್ಚಿದ. ಸೊಳ್ಳೆ ಅಲ್ಲೇ ಇತ್ತು. ಅಷ್ಟು ಸಣ್ಣ, ಅಷ್ಟು ಸ್ಪಷ್ಟ. ಅವನಿಗೆ ಅದನ್ನು ಮುದ್ದಿಸಬೇಕು ಅನ್ನಿಸಿತು. ಇಂಜಿನ್ ನಿಲ್ಲಿಸಿ ಬೆಲ್ಟು ಕಳಚಿ, ಪಂಪಿನ ಚಕ್ರ ಹಿಡಿದು ಅಲ್ಲಾಡಿಸಿದ. ಹಾಲು ಹಲ್ಲಿನ ಹಾಗೆ ಅಲ್ಲಾಡಿತು. ಡ್ರೈವರು ಗುಡ್ಡದ ಕಡೆಗೊಮ್ಮೆ ನೋಡಿ, ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟ. "ಅರ್ಧ ದಾರೀಲಿ ಕೈ ಕೊಟ್ಟಿದ್ರೆ ನನ್ನ ಗತಿ ಏನಾಗ್ತಿತ್ತು ಮೇಸ್ತ್ರಿ!" ಎಂದು ಅವನ ಎರಡೂ ಕೈ ಹಿಡಿದುಕೊಂಡ.

"ಆದರೂ ಭಾವ," ಎಂದ ಭಾಮೈದ ತಲೆ ಕೆರೆದುಕೊಂಡು, "ನನಗೆ ಏನೂ ಕೇಳಿಸ್ಲೇ ಇಲ್ಲವಲ್ಲ?"

"ನಿನಗೆ ಕೇಳಿಸಲ್ಲ ಮಾರಾಯ. ನನಗೆ ಕೇಳಿಸುತ್ತೆ" ಅಂದ ಮೇಸ್ತ್ರಿ. ಎಷ್ಟೋ ದಿನಗಳ ಮೇಲೆ ಬಾಯಿ ತುಂಬ ನಕ್ಕು ಅಂಗೈ ಚಾಚಿದ. ಭಾಮೈದ ಬೀಗದ ಕೈ ಗೊಂಚಲನ್ನು ಅದರಲ್ಲಿ ಹಾಕಿ, ಹೆಗಲ ಮೇಲಿಂದ ಗುಡ್ಡವೇ ಇಳಿದವನ ಹಾಗೆ ನಿಟ್ಟುಸಿರು ಬಿಟ್ಟ. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವಂತೆ, ಪಾಪ.

ಮನೆಗೆ ಮರಳಿದಾಗ ಗೋಡೆಯಾಚೆ ನರ್ಸಮ್ಮ ಕೆದರಿದ ತಲೆಯಲ್ಲಿ ನಿಂತಿದ್ದಳು. ಮೇಸ್ತ್ರಿ ಅಪರಾಧಿಯ ಹಾಗೆ ಹತ್ತಿರ ಹೋದ. "ಕ್ಷಮಿಸಮ್ಮ. ಇವತ್ತೊಂದು ದಿನ ನನ್ನ ಕಿವಿಗೋಸ್ಕರ ಕೂಗಿಸಿದೆ. ಇನ್ನು ನೀವು ನೆಮ್ಮದಿಯಾಗಿ ಮಲಗಿ, ನಾನಿದ್ದೀನಿ." ಅವಳಿಗೆ ಅರ್ಧ ಅರ್ಥವಾಗಲಿಲ್ಲ. ಮಳೆಯ ಮಾತು ನೆನಪಾಯಿತೋ ಏನೋ, ಹೆಚ್ಚು ಕೇಳದೆ ತಲೆಯಾಡಿಸಿ ಹೋದಳು. ಮೇಸ್ತ್ರಿ ಅಂಗಿಯಿಂದ ಮತ್ತೆ ದೊರೆಯ ತಲೆ ಮುಚ್ಚಿ, ತಾನೇ ಪಟ್ಟಿ ತೊಡಿಸಿ, ಬೆರಳು ತೂರಿಸಿ ಸಡಿಲ ನೋಡಿದ. ಒಳ್ಳೆಯ ಫಿಟಿಂಗು, ತಾನೂ ಇದಕ್ಕಿಂತ ಚೆನ್ನಾಗಿ ಮಾಡುತ್ತಿರಲಿಲ್ಲ ಎಂದು ಒಪ್ಪಿಕೊಂಡ. ಹೆಂಡತಿಗೆ ಕೇಳಿಸುವ ಹಾಗೆಯೇ ಹೇಳಿದ.

ಮರುದಿನ ಅವಳೇ ಹೊದಿಕೆ ಎಳೆದು ಎಬ್ಬಿಸಿದಳು. ಬಾಯಲ್ಲಿ ಬ್ರಷ್ಷಿಟ್ಟುಕೊಂಡು ಮೇಸ್ತ್ರಿ ಬಚ್ಚಲಿನ ಕಿಟಕಿಗೆ ಬಂದ. ಅವಳು ಹಿತ್ತಲಿನಲ್ಲಿ ಹೊಲಿಗೆಯ ಟೇಪು ಹಿಡಿದು ಪೀಚಲುವಿನ ಕತ್ತಿನ ಅಳತೆ ತೆಗೆಯುತ್ತಿದ್ದಳು. ವ್ಯಾನಿನ ನೆತ್ತಿಯ ಮೇಲೆ ದೊರೆ ರೆಕ್ಕೆ ಬಡಿದು, ಕತ್ತು ಚಾಚಿ, ಆಕಾಶಕ್ಕೆ ಕೊಕ್ಕು ತೆರೆದ.

ಹೆಂಡತಿ ಕಿಟಕಿಯ ಕಡೆ ತಲೆಯೆತ್ತಿದಳು. "ರೀ, ಕೇಳಿಸ್ತಾ?"

"ಇಲ್ಲ ಕಣೇ," ಎಂದ ಮೇಸ್ತ್ರಿ, ಮುಖವೆಲ್ಲ ಅರಳಿಸಿಕೊಂಡು. "ಒಂದು ಚೂರೂ ಕೇಳಿಸ್ಲಿಲ್ಲ!"